ತೊಟ್ಟಿಯಲ್ಲಿ ಏಳು ಕಿತ್ತಳೆ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡುವ ಹೆಂಗಸನ್ನು ಅಲ್ಲಿಯವರೆಲ್ಲ ಅಂಟಕ್ಕ ಎಂದು ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಅದು ಯಾರಿಗೂ ನೆನಪಿರಲಿಲ್ಲ. ಇಪ್ಪತ್ತಾರು ವರ್ಷ ಮೈದಾ ಅಂಟು ಕಲಸಿ ಕಲಸಿ ಅವಳ ಉಗುರಿನ ಸಂದಿಯಲ್ಲಿ ಒಂದು ಬಿಳಿ ಗೆರೆ ಕಾಯಮ್ಮಾಗಿ ಕೂತುಬಿಟ್ಟಿತ್ತು. ಆ ಹೆಸರಿನ ಬಗ್ಗೆ ಅವಳಿಗೇನೂ ಬೇಸರವಿರಲಿಲ್ಲ. ಆದರೆ ಇಷ್ಟೆಲ್ಲ ಅಂಟಿಸುವವಳಿಗೆ ಮಗಳೊಬ್ಬಳನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲವಲ್ಲ ಎಂದು ಯಾರೋ ಬೆನ್ನ ಹಿಂದೆ ಆಡಿ ನಕ್ಕದ್ದು ಒಮ್ಮೆ ಅವಳ ಕಿವಿಗೂ ಬಿದ್ದಿತ್ತು. ಜನಕ್ಕೆ ನಗಲು ಏನಾದರೂ ಬೇಕು.

ಮಗಳು ಹೋಗಿ ನಾಲ್ಕು ವರ್ಷವಾಗಿತ್ತು. ಪರೀಕ್ಷೆಯ ಫಲಿತಾಂಶ ಬಂದ ಮಾರನೆಯ ಬೆಳಿಗ್ಗೆ ಒಂದು ಚೀಲದೊಂದಿಗೆ ಹೊರಟವಳು, ತಾಯಿಯ ಕೆಲಸದ ಮೇಜಿನ ಮೇಲೆ "ಪಾಸಾಗಿದ್ದೀನಿ. ಹುಡುಕಬೇಡ" ಎಂದು ಚೀಟಿ ಇಟ್ಟಿದ್ದಳು. ಮೊದಲೆರಡು ವರ್ಷ ಯಾವುದೋ ಗೊತ್ತಿಲ್ಲದ ನಂಬರಿನಿಂದ "ಇದ್ದೀನಿ" ಎಂದು ಒಂದೇ ಶಬ್ದದ ಸಂದೇಶ ಆಗಾಗ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಗಂಡ ಮಗಳಿಗೆ ಒಂಬತ್ತು ತುಂಬುವ ಮೊದಲೇ ತೀರಿಕೊಂಡಿದ್ದ. ಹಾಗಾಗಿ ಆ ಮನೆಯಲ್ಲಿ ಅಂಟಕ್ಕ ಬೈದುಕೊಳ್ಳಲೂ ತನ್ನ ಹೊರತು ಇನ್ನೊಬ್ಬರಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಮೇಲಿನಿಂದ ಕೌಂಟರಿನವಳು ಇಳಿದುಬರುತ್ತಿದ್ದಳು. ಪುಸ್ತಕ ಕೊಡುವ, ಹಿಂದಕ್ಕೆ ಪಡೆಯುವ ಕೆಲಸ ಅವಳದು. ವಯಸ್ಸು ಮೂವತ್ತೇಳು, ಮಕ್ಕಳು ಎರಡು, ಕೊರಿಯಾದ ಹಾಡುಗಳ ಹುಚ್ಚು ಮಾತ್ರ ಹದಿನೈದರ ಹುಡುಗಿಯದು. ಅಂಟಕ್ಕನಿಗೆ ಆ ಹಾಡುಗಳೆಂದರೆ ಆಗುತ್ತಿರಲಿಲ್ಲ. ಆಗದಿರಲು ಅವಳಿಗೆ ಕಾರಣವಿತ್ತು, ಆದರೆ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಅಂಟಕ್ಕ, ಹಾಡು ನೋಡಬೇಡಿ ಬಿಡಿ. ಇದನ್ನ ನೋಡಿ" ಎಂದು ಒಂದು ದಿನ ಕೌಂಟರಿನವಳು ಫೋನನ್ನು ಮೂಗಿನ ಹತ್ತಿರಕ್ಕೇ ಹಿಡಿದಳು. "ಒಬ್ಬಳು ಹುಡುಗಿ ಆ ಹಾಡಲ್ಲಿ ಏನೇನು ಅಡಗಿದೆ ಅಂತ ಬಿಡಿಸಿ ಹೇಳ್ತಾಳೆ. ಗೋಡೆ ಬಣ್ಣ ಯಾಕೆ, ಗಡಿಯಾರಕ್ಕೆ ಮುಳ್ಳು ಯಾಕಿಲ್ಲ, ಯಾವ ಹಳೇ ಕಥೆಯಿಂದ ತಗೊಂಡಿದ್ದು, ಎಲ್ಲಾ. ನಿಮಗೆ ಪುಸ್ತಕ ಅಂದ್ರೆ ಪ್ರಾಣ ಅಲ್ವಾ, ಹಿಡಿಸುತ್ತೆ."

"ಹಾಡೋರು ಹಾಡಿದ್ರೆ ಸಾಲದಾ? ಅದರೊಳಗೆ ಕೈ ಹಾಕಿ ಕೆದಕೋದು ಬೇರೆ" ಎನ್ನುತ್ತಲೇ ಅಂಟಕ್ಕ ಕನ್ನಡಕ ಮೂಗಿಗೇರಿಸಿದಳು.

ತೆರೆಯ ಮೇಲೆ ಮುಖ ಕಾಣಿಸಲಿಲ್ಲ. ಒಂದು ಮೇಜು, ಮೇಜಿನ ಮೇಲೆ ತೆರೆದ ನೋಟ್‌ಬುಕ್ಕು, ಎರಡು ಕೈ. "ಬಿಡಿಸಿ ಹೇಳ್ತೀನಿ, ಬನ್ನಿ" ಎಂದಿತು ಒಂದು ಧ್ವನಿ. ಅದು ಚಾನೆಲ್ಲಿನ ಹೆಸರೂ ಹೌದಂತೆ. ಅಂಟಕ್ಕ ಫೋನಿನತ್ತ ಇನ್ನಷ್ಟು ಬಗ್ಗಿದಳು. ಧ್ವನಿ ಕೊಂಚ ದಪ್ಪಗಾಗಿತ್ತು, ಅನುಮಾನಪಡಲು ಜಾಗವಿತ್ತು. ಆದರೆ ಆ ಬಲಗೈ ನೋಟ್‌ಬುಕ್ಕಿನ ಹಾಳೆ ತಿರುವಿತು. ಬೆರಳಿಗೆ ಎಂಜಲು ಮುಟ್ಟಿಸಲಿಲ್ಲ, ಕೆಳಗಿನ ಮೂಲೆ ಹಿಡಿದು ಎಳೆಯಲಿಲ್ಲ. ಮೇಲಿನ ಮೂಲೆಗೆ ತೋರುಬೆರಳು ತಾಗಿಸಿ, ಹಾಳೆಯ ಕೆಳಗೆ ಅಂಗೈ ಇಟ್ಟು, ಮಲಗಿದ ಕೂಸನ್ನು ಮಗ್ಗುಲು ಬದಲಿಸಿದ ಹಾಗೆ ತಿರುವಿತು. ಪುಸ್ತಕ ರಿಪೇರಿ ಮಾಡುವವರು ಹಾಗೆ ತಿರುವುತ್ತಾರೆ. ಆ ಕೈಗೆ ಆರನೇ ವಯಸ್ಸಿನಲ್ಲಿ ಅದನ್ನು ಕಲಿಸಿದವಳು ಅಂಟಕ್ಕನೇ.

"ಏನಕ್ಕಾ, ತುತ್ತು ಕೈಯಲ್ಲೇ ಉಳೀತು?"

"ಏನಿಲ್ಲ. ಚಾನೆಲ್ಲು ಹೇಗೆ ಹಾಕ್ಕೊಳ್ಳೋದು ತೋರಿಸು."

ಅಂದಿನಿಂದ ಅಂಟಕ್ಕ ಆ ಹಾಡನ್ನು ನೋಡತೊಡಗಿದಳು. ಮನೆಯಲ್ಲಿ ಯಾವುದನ್ನು ಕೇಳಿದರೆ ಮೈ ಉರಿಯುತ್ತಿತ್ತೋ ಅದನ್ನೇ ಈಗ ಬಸ್ಸಿನಲ್ಲಿ, ಒಲೆಯ ಮುಂದೆ, ಭಾನುವಾರ ಬಟ್ಟೆ ಒಣಹಾಕುತ್ತ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಒಂದು ಹಳದಿ ಮನೆ. ಐದು ಹುಡುಗಿಯರ ಗುಂಪು. ನಾಲ್ವರು ಕೆಳಗಿನ ಹಜಾರದಲ್ಲಿ ಕುಣಿಯುತ್ತಾರೆ, ಐದನೆಯವಳು ಮಾಳಿಗೆಯ ಕೋಣೆಯಲ್ಲಿ ಹಳೆಯ ಪುಸ್ತಕವೊಂದನ್ನು ಹಿಡಿದು ಕೂತಿರುತ್ತಾಳೆ. ಬಚ್ಚಲ ತೊಟ್ಟಿಯಲ್ಲಿ ಏಳು ಕಿತ್ತಳೆ ಹಣ್ಣು ತೇಲುತ್ತವೆ, ಒಂದು ಮುಳುಗುತ್ತದೆ. ಗಡಿಯಾರಕ್ಕೆ ಮುಳ್ಳಿಲ್ಲ. ಕೊನೆಗೆ ಬೂದು ಬಟ್ಟೆಯ ಹೆಂಗಸೊಬ್ಬಳು ಊಟದ ತಟ್ಟೆ ಹಿಡಿದು ಆ ಕೋಣೆಯ ಬಾಗಿಲ ಮುಂದೆ ನಿಲ್ಲುತ್ತಾಳೆ. ಬಾಗಿಲು ತೆರೆಯುವುದಿಲ್ಲ, ಹಾಡು ಮುಗಿಯುತ್ತದೆ. ಇಷ್ಟರ ಮೇಲೆ ಮಗಳು ಆಗಲೇ ಆರು ಕಂತು ಮಾತಾಡಿದ್ದಳು. ಸಾವಿರಾರು ಜನ ಅದನ್ನು ಕೇಳಿದ್ದರು.

ಕಿತ್ತಳೆಯ ವಿಷಯ ಬಂದಾಗ ಮಗಳು ಸೋತಳು. "ಇದು ಮಾತ್ರ ನನಗೆ ಗೊತ್ತಾಗ್ತಿಲ್ಲ. ಏಳು ಹಣ್ಣು ಯಾಕೆ? ಒಂದು ಮುಳುಗೋದು ಯಾಕೆ? ಗೊತ್ತಿರೋರು ಬರೀರಿ" ಎಂದಳು.

ಅಂಟಕ್ಕನಿಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಬೆನ್ನು ಮುರಿದ ಒಂದು ಕಥಾಸಂಕಲನ ಅವಳ ಮೇಜಿಗೆ ಬಂದಿತ್ತು. ಅದರಲ್ಲಿ ಅಂಬಿಗನ ಹೆಂಡತಿಯೊಬ್ಬಳು ಕಡಲಿಗೆ ಹೋದ ಏಳು ಜನರ ಹೆಸರಿನಲ್ಲಿ ಏಳು ಕಿತ್ತಳೆಯನ್ನು ತೊಟ್ಟಿಗೆ ಬಿಟ್ಟು ದಿನವೂ ನೋಡುತ್ತಿದ್ದಳು. ತೇಲುವ ತನಕ ಬದುಕಿದ್ದಾರೆ ಎಂದು ಲೆಕ್ಕ. ರಿಪೇರಿಗೆ ಬಂದ ಪುಸ್ತಕವನ್ನು ಅಂಟಕ್ಕ ಓದದೆ ಬಿಟ್ಟವಳಲ್ಲ. ಆದರೆ ಬರೆಯುವುದು ಹೇಗೆ? ತಾಯಿ ಎಂದು ಗೊತ್ತಾದರೆ ಮಗಳು ಬಾಗಿಲು ಹಾಕಿಕೊಳ್ಳುತ್ತಾಳೆ, ಈ ಎರಡು ಕೈಯೂ ಕಾಣಿಸದ ಹಾಗಾಗುತ್ತದೆ. ಮೂರು ದಿನ ಯೋಚಿಸಿ ಅವಳು ಹೊಸ ಖಾತೆ ತೆರೆದು "ಹಳೇ ಮೇಷ್ಟ್ರು" ಎಂದು ಹೆಸರಿಟ್ಟಳು. ಐವತ್ತೆರಡನೇ ವಯಸ್ಸಿನಲ್ಲಿ ಹೆಂಗಸು ಹೋಗಿ ಗಂಡಸಾದಳು, ಅದೂ ನಿವೃತ್ತ ಗಂಡಸು. ಕಿತ್ತಳೆಯ ಕಥೆಯನ್ನು ಒಂದೊಂದೇ ಅಕ್ಷರ ಕುಟ್ಟಿ ಬರೆದು ಕಳಿಸಿದಳು.

ಮುಂದಿನ ಕಂತು ಅದರಿಂದಲೇ ಶುರುವಾಯಿತು. "ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ! ಎಲ್ಲಿದ್ರಿ ಇಷ್ಟು ದಿನ?" ಎಂದು ಮಗಳು ನಕ್ಕಳು. ಆ ನಗುವನ್ನು ಅಂಟಕ್ಕ ಎಷ್ಟು ಸಲ ಹಿಂದಕ್ಕೆ ಎಳೆದು ಕೇಳಿದಳೆಂದರೆ ಫೋನು ಬಿಸಿಯಾಗಿ ಕೈ ಸುಟ್ಟಿತು. ಆ ನಗುವನ್ನು ಕೇಳಿ ಐದು ವರ್ಷದ ಮೇಲಾಗಿತ್ತು. ಸಂತೋಷಕ್ಕೆ ಅಳು ಬಂತು, ಜೊತೆಗೇ ಆ ಇಲ್ಲದ ಮೇಷ್ಟ್ರ ಮೇಲೆ ಹೊಟ್ಟೆಕಿಚ್ಚೂ ಆಯಿತು.

ನಂಟು ಬೆಳೆಯಿತು. ಮೇಷ್ಟ್ರು ಬರೆಯುತ್ತಿದ್ದರು, ಹುಡುಗಿ ಉತ್ತರಿಸುತ್ತಿದ್ದಳು. "ಮೇಷ್ಟ್ರೇ, ಊಟ ಆಯ್ತಾ?" "ಮೇಷ್ಟ್ರೇ, ಕೆಮ್ಮು ಅಂದಿದ್ರಲ್ಲ, ಹೇಗಿದೆ?" ಎಂದೆಲ್ಲ ಕೇಳುತ್ತಿದ್ದಳು. ಕೆಮ್ಮು ಅಂಟಕ್ಕನಿಗೆ ನಿಜವಾಗಿಯೂ ಇತ್ತು. ವಿಡಿಯೋದಲ್ಲಿ ಅವಳು ಹಾಡಿನ ಗುಟ್ಟಿಗಿಂತ ಮಗಳ ಮೇಜನ್ನೇ ಹೆಚ್ಚು ಹುಡುಕುತ್ತಿದ್ದಳು. ಪಿಂಗಾಣಿ ಲೋಟ ಒಂದೇ ಇದೆ, ಅಂದರೆ ಒಬ್ಬಳೇ ಇದ್ದಾಳೆ. ಅಂಗಿ ತೋಳಿನ ಅಂಚು ದಾರ ಬಿಟ್ಟಿದೆ, ಹೊಲಿದುಕೊಳ್ಳಲು ಪುರುಸೊತ್ತಿಲ್ಲ. ಉಗುರು ಕಚ್ಚುವುದು ಬಿಟ್ಟಿದ್ದಾಳೆ. ಇಂಥ ಒಂದೊಂದನ್ನೂ ಹೆಕ್ಕಿ ಮನೆಗೆ ಕೊಂಡೊಯ್ದು ಅವಳು ಊಟ ಮಾಡುತ್ತಿದ್ದಳು. ತೊಟ್ಟಿಗೆ ಕಿತ್ತಳೆ ಬಿಟ್ಟ ಅಂಬಿಗನ ಹೆಂಡತಿಯನ್ನು ಪೆದ್ದಿ ಎಂದುಕೊಂಡು ಓದಿದ್ದ ಕಾಲವೊಂದಿತ್ತು.

ಕೊನೆಯ ದೃಶ್ಯದ ಬಗ್ಗೆ ಎಲ್ಲರೂ ಒಂದೊಂದು ಬರೆದರು. ತಟ್ಟೆ ಹಿಡಿದ ಹೆಂಗಸು ಸಾವು ಎಂದ ಒಬ್ಬ. ಕಾಲ ಎಂದಳು ಇನ್ನೊಬ್ಬಳು. ಮೇಷ್ಟ್ರು ಮಾತ್ರ ಹೀಗೆ ಬರೆದರು: "ಅವಳು ತಾಯಿ. ಮಗಳು ಒಳಗೆ ಮುನಿಸಿಕೊಂಡು ಕೂತಿದ್ದಾಳೆ. ಊಟ ಆರುತ್ತಿದ್ದರೂ ತಾಯಿ ಬಾಗಿಲಲ್ಲೇ ನಿಂತಿದ್ದಾಳೆ. ಇಷ್ಟು ಪ್ರೀತಿಯ ದೃಶ್ಯ ಇಡೀ ಹಾಡಿನಲ್ಲಿ ಇನ್ನೊಂದಿಲ್ಲ." ಎಲ್ಲ ಮಾತಿಗೂ ಉತ್ತರಿಸುವ ಹುಡುಗಿ ಅದೊಂದಕ್ಕೆ ಉತ್ತರಿಸಲಿಲ್ಲ.

ಉತ್ತರ ಬರದಿದ್ದರೆ ಸುಮ್ಮನಿರಬೇಕಿತ್ತು. ಅವಳಿಗೆ ಆಗಲಿಲ್ಲ. ಹುಡುಗಿಯನ್ನು ಮತ್ತೆ ಮಾತಿಗೆಳೆಯಲು ಹೊಸದೇನಾದರೂ ಬೇಕಿತ್ತು. ಮಾಳಿಗೆಯ ಹುಡುಗಿಯ ಕೈಯಲ್ಲಿದ್ದ ಪುಸ್ತಕವನ್ನು ಚಿತ್ರ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದಳು. ನೋಡಿದ್ದೇ ತಡ, ಕಸುಬಿನ ಕಣ್ಣು ತೆರೆದುಕೊಂಡಿತು. ಅದು ರಿಪೇರಿಯಾದ ಪುಸ್ತಕ! ಬೆನ್ನಿಗೆ ಹೊಸ ಬಟ್ಟೆ ಹಾಕಿದ್ದಾರೆ, ರಟ್ಟು ಒಂದು ಕಡೆ ಸೊಟ್ಟಗಿದೆ, ನಡುವಿನ ಒಂದು ಮಡಿಕೆ ಹಾಳೆ ತಲೆಕೆಳಗಾಗಿ ಹೊಲಿದುಹೋಗಿದೆ. ಇದನ್ನು ಈವರೆಗೆ ಯಾರೂ ಕಂಡಿರಲಿಲ್ಲ. ಅಂಟಕ್ಕ ಹಿಗ್ಗಿಹೋದಳು. ಊಟದ ವೇಳೆಯೆಂಬುದನ್ನೂ ಮರೆತು ಬರೆದಳು. ತಲೆಕೆಳಗಾದ ಹಾಳೆಯ ಬಗ್ಗೆ ಬರೆದು ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕೆಟ್ಟ ಕೆಲಸ ಕಂಡರೆ ಬಾಯಿ ಮುಚ್ಚಿಕೊಂಡಿರಲು ಆಕೆಗೆ ಬರುತ್ತಿರಲಿಲ್ಲ. ಹಾಗಾಗಿ ಇನ್ನೊಂದು ಸಾಲು ಸೇರಿಸಿದಳು. "ರಟ್ಟು ಸೊಟ್ಟಗಾಗಿದ್ದಕ್ಕೆ ಕಾರಣ ಇಷ್ಟೇ. ಕೆಲಸ ಮಾಡಿದವರು ನಡುವೆ ಎದ್ದು ಹೋಗಿದ್ದಾರೆ. ಬೆನ್ನಿಗೆ ಅಂಟು ಹಚ್ಚಿದ ಮೇಲೆ ಮನೆಗೆ ಬೆಂಕಿ ಬಿದ್ದರೂ ಏಳಬಾರದು."

ಕಳಿಸಿ ಡಬ್ಬಿ ತೆರೆದು ಎರಡು ತುತ್ತು ತಿಂದಳು. ಮೂರನೆಯದನ್ನು ಡಬ್ಬಿಗೇ ಹಿಂದಕ್ಕಿಟ್ಟಳು. ಮನೆಗೆ ಬೆಂಕಿ ಬಿದ್ದರೂ ಏಳಬಾರದು ಎಂಬುದು ಅವಳದೇ ಮಾತು. ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಮಗಳು ಕೇಳಿರಲು ಸಾಧ್ಯವಿರಲಿಲ್ಲ. ಅಳಿಸಲು ಹೋದಳು. ಅಷ್ಟರಲ್ಲಿ ಅದರ ಕೆಳಗೆ "ನೋಡಿದೆ" ಎಂದು ಹುಡುಗಿಯ ಉತ್ತರ ಬಂದಿತ್ತು.

ಆಮೇಲೆ ಮೂರು ವಾರ ಚಾನೆಲ್ಲು ಮೌನವಾಯಿತು.

ಆ ಮೂರು ವಾರ ಅಂಟಕ್ಕ ತನಗೆ ಬೇಕಾದ ಹಾಗೆಲ್ಲ ಆ ಮೌನದ ಅರ್ಥ ಬಿಡಿಸಿದಳು. ಗುರುತು ಹಿಡಿದಿದ್ದಾಳೆ, ಸಿಟ್ಟಾಗಿದ್ದಾಳೆ. ಇಲ್ಲ, ಗುರುತು ಹಿಡಿದು ಕರಗಿದ್ದಾಳೆ, ಬರಲು ಚೀಲ ಕಟ್ಟುತ್ತಿದ್ದಾಳೆ. ಒಂದು ಸಂಜೆ ಮಗಳ ಕೋಣೆಯ ಹಾಸಿಗೆಗೆ ಒಗೆದ ಹೊದಿಕೆಯನ್ನೂ ಹಾಕಿ ಬಂದಳು. ಬಾಗಿಲನ್ನು ಅಗಲವಾಗಿ ತೆರೆದಿಟ್ಟಳು.

ಭಾನುವಾರ ಮಧ್ಯಾಹ್ನ ಹೊಸ ವಿಡಿಯೋ ಬಂತು. ಅದೇ ಮೇಜು, ಅದೇ ಒಂಟಿ ಲೋಟ. ನೋಟ್‌ಬುಕ್ಕು ಮಾತ್ರ ಮುಚ್ಚಿತ್ತು.

"ಇವತ್ತು ಕೊನೆಯ ದೃಶ್ಯ" ಎಂದಳು ಮಗಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಹೇಳುವವರ ಹಾಗಿತ್ತು. "ಮೇಷ್ಟ್ರು ಬರೆದಿದ್ರು, ಈ ಹೆಂಗಸು ತಾಯಿ ಅಂತ. ಸರಿ, ಒಪ್ಪಿದೆ. ಮಗಳು ಒಳಗೆ ಮುನಿಸಿಕೊಂಡು ಕೂತಿದ್ದಾಳೆ ಅಂದ್ರು. ಅದನ್ನ ಒಪ್ಪಲ್ಲ. ತಟ್ಟೆ ನೋಡಬೇಡಿ, ಮುಖ ನೋಡಬೇಡಿ. ಮೊಣಕೈ ಹತ್ರ ನೋಡಿ."

ಚಿತ್ರ ದೊಡ್ಡದಾಯಿತು. ಬೂದು ತೋಳಿನ ಪಕ್ಕದಲ್ಲಿ, ಬಾಗಿಲಿನದೇ ಬಣ್ಣ ಬಳಿದುಕೊಂಡು, ಒಂದು ಚಿಲಕ ಇತ್ತು.

"ಚಿಲಕ ಹೊರಗಡೆ ಇದೆ. ಮುನಿಸಿಕೊಂಡೋಳು ಒಳಗಿಂದ ಹಾಕ್ಕೋತಾಳೆ. ಇದು ಹೊರಗಿಂದ ಹಾಕಿದ್ದು. ಈಗ ಕೇಳಿಸ್ಕೊಳ್ಳಿ. ಇಲ್ಲಿ ಡ್ರಮ್ಮು ನಿಂತುಹೋಗಿದೆ. ಆದ್ರೂ ಪೆಟ್ಟು ಕೇಳಿಸ್ತಿದೆ ಅಲ್ವಾ? ಒಳಗಿಂದ ತಟ್ತಿದ್ದಾಳೆ ಅವಳು. ತಾಯಿ ನಿಂತಿರೋದು ಒಂದು ಗೇಣು ದೂರದಲ್ಲಿ. ಕೈ ಎತ್ತಿದ್ರೆ ಸಾಕು." ಎರಡು ಕೈ ಮೇಜಿನ ಮೇಲೆ ಒಂದನ್ನೊಂದು ಹಿಡಿದುಕೊಂಡವು. "ನಾನು ಇನ್ನು ಈ ಹಾಡಿನ ಬಗ್ಗೆ ಮಾತಾಡಲ್ಲ. ಬೇರೆ ಹಾಡು ತಗೋತೀನಿ. ಮೇಷ್ಟ್ರೇ, ನಿಮ್ಮ ಕಿತ್ತಳೆ ಕಥೆ ತುಂಬ ಚೆನ್ನಾಗಿತ್ತು. ಕೆಮ್ಮಿಗೆ ಔಷಧಿ ತಗೊಳ್ಳಿ. ಇನ್ಮೇಲೆ ನನಗೆ ಬರೀಬೇಡಿ."

ಅಷ್ಟೇ. ಅಮ್ಮಾ ಎಂದು ಬಾಯಿತಪ್ಪಿಯೂ ಅನ್ನಲಿಲ್ಲ.

ಅಂಟಕ್ಕ ತಲೆಯೆತ್ತಿ ಮಗಳ ಕೋಣೆಯ ಬಾಗಿಲ ಕಡೆ ನೋಡಿದಳು. ತೆರೆದಿಟ್ಟ ಬಾಗಿಲಿನ ಮೇಲೆ ಅವಳ ತರಕಾರಿ ಚೀಲ ತೂಗುತ್ತಿತ್ತು. ನಾಲ್ಕು ವರ್ಷದಿಂದ ಅದನ್ನು ಅಲ್ಲಿಯೇ ತೂಗುಹಾಕುತ್ತಿದ್ದಳು. ಯಾವುದಕ್ಕೆ ತೂಗುಹಾಕುತ್ತಿದ್ದೇನೆ ಎಂದು ಒಂದು ದಿನವೂ ನೋಡಿರಲಿಲ್ಲ. ಚೀಲ ತೆಗೆದಳು. ಚಿಲಕ ಹೊಸದರಂತೆಯೇ ಹೊಳೆಯುತ್ತಿತ್ತು.

ಬಡಗಿ ಕೆಲಸ ಮಾಡುವ ತನ್ನ ಅಣ್ಣನನ್ನು ಕರೆಸಿ ಹಾಕಿಸಿದ್ದು ಅದು. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಹುಡುಗಿ ಅದಕ್ಕೆ ಮುಂಚೆ ಒಮ್ಮೆ ನಪಾಸಾಗಿದ್ದಳು, ಹಗಲೂ ರಾತ್ರಿ ಕೊರಿಯಾದ ಹಾಡು. ತನ್ನ ಹಾಗೆ ನೆಲಮಾಳಿಗೆಯಲ್ಲಿ ಅಂಟು ಕಲಸಿಕೊಂಡು ಮಗಳ ಬಾಳು ಕಳೆದುಹೋಗಬಾರದು ಎಂಬುದೊಂದೇ ಅಂಟಕ್ಕನ ತಲೆಯಲ್ಲಿದ್ದದ್ದು. ಫೋನು ಕಿತ್ತಿಟ್ಟುಕೊಂಡು, ರಜೆ ಹಾಕಿ, ಕೆಲಸವನ್ನು ಮನೆಗೇ ತಂದು, ಹೊರಗಿನಿಂದ ಚಿಲಕ ಹಾಕಿದಳು. ಹೊತ್ತುಹೊತ್ತಿಗೆ ತಟ್ಟೆ ಒಳಗಿಟ್ಟಳು, ಬಚ್ಚಲಿಗೆ ಹೋಗಲು ತಟ್ಟಿದಾಗ ಬಾಗಿಲು ತೆಗೆದಳು. ಏಳನೆಯ ದಿನ ಮಧ್ಯಾಹ್ನ ಒಂದು ಬಹಳ ಹಳೆಯ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದಾಗ ಮಗಳು ತಟ್ಟಿದಳು. "ಅಮ್ಮಾ, ಬಾಗಿಲು ತೆಗಿ." ಅಂಟಕ್ಕ ಕೂತಲ್ಲಿಂದಲೇ ಕೂಗಿದ್ದಳು: "ಅಂಟು ಆರಿಹೋಗುತ್ತೆ, ತಡಿ. ಮನೆಗೆ ಬೆಂಕಿ ಬಿದ್ರೂ ಈಗ ಏಳಲ್ಲ." ಒಂಬತ್ತು ಸಲ ತಟ್ಟಿ ಸದ್ದು ನಿಂತಿತು. ಪುಸ್ತಕ ಮುಗಿಸಿ, ಕೈ ತೊಳೆದು ಹೋಗಿ ಬಾಗಿಲು ತೆಗೆದಾಗ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯನ್ನು ಮೂಲೆಗೆ ಎಸೆದಿದ್ದಳು. ನೆಲ ಒದ್ದೆಯಾಗಿತ್ತು. ಹತ್ತೊಂಬತ್ತು ವರ್ಷದ ಹುಡುಗಿ. ಅಂಟಕ್ಕ ಒರೆಸುವ ಬಟ್ಟೆ ತಂದು ಒರೆಸಿದಳು. ಅವತ್ತಿನಿಂದ ಹೋಗುವ ದಿನದವರೆಗೆ ಮಗಳು ಅವಳ ಜೊತೆ ಆಡಿದ ಮಾತನ್ನು ಎರಡು ಕೈಯ ಬೆರಳಿನಲ್ಲಿ ಎಣಿಸಬಹುದಿತ್ತು.

ಇದನ್ನು ಮರೆತಿದ್ದಳೆಂದಲ್ಲ. ಮೇಲೆ ಚೀಲ ತೂಗುಹಾಕಿದ್ದಳು.

ಸ್ಕ್ರೂ ತಿರುಗಿಸುವುದನ್ನು ತಂದು ಒಂದೊಂದೇ ಬಿಚ್ಚತೊಡಗಿದಳು. ಅಣ್ಣ ಗಟ್ಟಿ ಕೆಲಸದವನು, ನಾಲ್ಕು ಸ್ಕ್ರೂ ಬಿಚ್ಚಲು ಅರ್ಧ ಗಂಟೆ ಹಿಡಿಯಿತು, ಅಂಗೈ ಕಿತ್ತುಹೋಯಿತು. ಚಿಲಕ ಕೈಗೆ ಬಂದಾಗ ಬಾಗಿಲಲ್ಲಿ ನಾಲ್ಕು ತೂತು ಉಳಿದವು. ಮರದ ಪುಡಿಗೆ ಅಂಟು ಕಲಸಿ ತುಂಬಿದರೆ ಗುರುತೇ ಸಿಗದಂತೆ ಮುಚ್ಚಬಹುದು, ಅವಳಿಗೆ ಎಡಗೈಯ ಕೆಲಸ. ಅವಳು ಮುಚ್ಚಲಿಲ್ಲ. ಒಳಗೆ ಹೋಗಿ ಬಾಗಿಲು ಎಳೆದುಕೊಂಡು, ಮಗಳು ನಿಂತಿದ್ದಿರಬಹುದಾದ ಕಡೆ ನಿಂತು, ಬೆರಳ ಗೆಣ್ಣಿನಿಂದ ಮೆಲ್ಲಗೆ ಒಮ್ಮೆ ತಟ್ಟಿದಳು. ಸದ್ದು ಇಡೀ ಮನೆಗೆ ಕೇಳಿಸುವಂತಿತ್ತು. ಇಷ್ಟು ವರ್ಷ ಅವಳು, ಸರಿಯಾಗಿ ಕೇಳಿಸಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಹಾಸಿಗೆಯ ಅಂಚಿಗೆ ಕೂತು ಫೋನು ತೆಗೆದಳು. "ತಪ್ಪಾಯ್ತು ಕಣೇ" ಎಂದು ಬರೆದಳು. ಕಳಿಸಲು ಬೆರಳು ಮುಂದಾಯಿತು. ಬರೀಬೇಡಿ ಎಂದಿದ್ದಾಳೆ. ಮಗಳು ಕೇಳಿದ್ದನ್ನು ಕೇಳಿದ ಹಾಗೇ ನಡೆಸಿಕೊಟ್ಟ ಒಂದು ದಿನವೂ ಅವಳಿಗೆ ನೆನಪಾಗಲಿಲ್ಲ. ಬರೆದದ್ದನ್ನು ಅಳಿಸಿ, ಹಳೇ ಮೇಷ್ಟ್ರ ಖಾತೆಯನ್ನೂ ತೆಗೆದುಹಾಕಿದಳು.

ಮರುದಿನ ಕೌಂಟರಿನವಳು ಊಟದ ಹೊತ್ತಿಗೆ ಮುಂಚೆಯೇ ಮೆಟ್ಟಿಲು ಇಳಿದು ಓಡಿಬಂದಳು.

"ಅಂಟಕ್ಕ, ನೋಡಿದ್ರಾ? ಚಿಲಕ! ನಾನು ಆ ಹಾಡನ್ನ ನೂರು ಸಲ ನೋಡಿದ್ದೀನಿ, ಒಂದು ದಿನಾನೂ ಕಣ್ಣಿಗೆ ಬೀಳಲಿಲ್ಲ. ಎಂಥಾ ತಲೆ ಅಲ್ವಾ ಆ ಹುಡುಗೀದು?"

"ಸರಿಯಾಗಿ ಹೇಳಿದ್ದಾಳೆ" ಎಂದಳು ಅಂಟಕ್ಕ. ಬೆನ್ನು ಬಿಟ್ಟ ಪುಸ್ತಕವೊಂದು ಅವಳ ಮುಂದಿತ್ತು, ಕುಂಚ ಅಂಟಿನ ಬಟ್ಟಲಲ್ಲಿತ್ತು.

"ಆದ್ರೆ ಒಂದು ಬಿಡಿಸಲಿಲ್ಲ ನೋಡಿ ಅವಳು. ಆ ತಾಯಿ ಅಲ್ಲೇ ನಿಂತಿದ್ಲಲ್ಲ, ಮಗಳು ಅಷ್ಟು ತಟ್ತಿದ್ಲಲ್ಲ. ಮತ್ತೆ ಯಾಕೆ ತೆಗೀಲಿಲ್ಲ? ಅದಕ್ಕೇನೋ ದೊಡ್ಡ ಅರ್ಥ ಇರಬೇಕು, ಅಲ್ವಾ?"

ಅಂಟಕ್ಕ ಕುಂಚ ಎತ್ತಿದಳು. ಅದರ ತುದಿಯಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು.

"ಅಂಟು ಆರಿಹೋಗ್ತಿತ್ತು. ಅಷ್ಟೇ" ಎಂದಳು.

ಕೌಂಟರಿನವಳು ತಮಾಷೆ ಎಂದುಕೊಂಡು ಜೋರಾಗಿ ನಕ್ಕಳು. ಮೇಲಿನಿಂದ ಯಾರೋ ಅವಳನ್ನು ಕೂಗಿದರು. ಅವಳು ಹೋದ ಮೇಲೆ ಅಂಟಕ್ಕ ಪುಸ್ತಕದ ಬೆನ್ನಿಗೆ ಒಂದು ಕಡೆಯಿಂದ ಅಂಟು ಹಚ್ಚಿದಳು. ಅರ್ಧಕ್ಕೆ ಬಂದಾಗ ಕುಂಚ ಕೆಳಗಿಟ್ಟು ಎದ್ದು, ಕೋಣೆಯ ಬಾಗಿಲ ತನಕ ಹೋಗಿ ಅದನ್ನು ತೆರೆದು, ಹೊರಗೆ ಯಾರೂ ಇಲ್ಲದ್ದನ್ನು ನೋಡಿ ಅಲ್ಲಿಯೇ ನಿಂತಳು. ಅಂಟು ಆರುತ್ತಿತ್ತು.